"ಯಾವ ಡಾಂಗಲ್ ಆದ್ರೂ ಯಾವ ರೌಟರಿಗಾದ್ರೂ ಕೂಡ್ತದ" ಅನ್ನುವವರನ್ನು ನಂಬಬೇಡಿ

ಕಲಬುರಗಿಯಲ್ಲಿ ಮನೆಗೆ ನೆಟ್ ಹಾಕಿಸಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಸೇಡಂ ರಸ್ತೆ, ಆಳಂದ ರಸ್ತೆ, ಜೇವರ್ಗಿ ರಸ್ತೆ ಕಡೆ ಊರಾಚೆ ಹೊಸ ಮನೆ ಕಟ್ಟಿಕೊಂಡು, ಫೈಬರ್ ಇನ್ನೂ ಬಂದಿಲ್ಲ ಅಂತ ಕಾಯುತ್ತಿರುವವರು ಓದಲೇಬೇಕು. ನಮ್ಮಂಥವರಿಗೇ "ಡಾಂಗಲ್ ಮತ್ತು ರೌಟರ್ ಸೆಟ್" ಅಂತ ಮಾರುತ್ತಿದ್ದಾರೆ. ಡಾಂಗಲ್ ಅಂದರೆ ಸಿಮ್ಮಿನಿಂದ ನೆಟ್ ತರುವ, ಪೆನ್‌ಡ್ರೈವ್‌ನಂಥ ಸಣ್ಣ ಸಾಧನ. ರೌಟರ್ ಅಂದರೆ ಬಂದ ನೆಟ್ಟನ್ನು ಮನೆಯಲ್ಲೆಲ್ಲ ಹಂಚುವ ಡಬ್ಬಿ. ಡಾಂಗಲ್ಲಿಗೆ ಸಿಮ್ ಹಾಕಿ, ರೌಟರಿನ ಹಿಂದಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಮುಗೀತು, ಮನೆ ತುಂಬಾ ನೆಟ್ ಅಂತ. ನಾನು 4,300 ರೂಪಾಯಿ ಕೊಟ್ಟು ತಂದೆ. ಅದರಲ್ಲಿ ರೌಟರಿಗೇ 2,400. ಆ ರೌಟರ್ ನಮ್ಮ ಮನೆಯಲ್ಲಿ ಮಾಡಿದ ಕೆಲಸ ಒಂದೇ, ಡಾಂಗಲ್ಲಿಗೆ ಕರೆಂಟ್ ಕೊಟ್ಟಿದ್ದು. ಇನ್ನೇನೂ ಮಾಡಲಿಲ್ಲ. ಮಾಡಲು ಅದಕ್ಕೆ ಬರುವುದೂ ಇಲ್ಲ.

ನಮ್ಮ ಮನೆ ರಿಂಗ್ ರೋಡ್ ದಾಟಿದ ಮೇಲೆ ಬರುತ್ತದೆ. ಫೈಬರಿನವರನ್ನು ಕೇಳಿದಾಗಲೆಲ್ಲ "ನಿಮ್ಮ ಲೈನಿಗಿ ಕಂಬ ಬರಲ್ರಿ ಮೇಡಂ, ನೋಡೋಣ" ಅಂತಾರೆ. ನಾನು ಸಂಜೆ ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕಂಪ್ಯೂಟರ್ ಹಳೆಯದು, ಅದಕ್ಕೆ ವೈಫೈ ಇಲ್ಲ. ಇಷ್ಟು ದಿನ ಮನೆಯವರ ಫೋನಿಗೆ ಕೇಬಲ್ ಹಾಕಿ, ಅದರಿಂದ ನೆಟ್ ಎಳೆದುಕೊಂಡು ನಡೆಸುತ್ತಿದ್ದೆ. ಅವರಿಗೆ ಸಂಜೆ ಡ್ಯೂಟಿ ಬಿದ್ದರೆ ಫೋನೂ ಹೋಯಿತು, ಕ್ಲಾಸೂ ಹೋಯಿತು. ಅದಕ್ಕೇ ಮನೆಗೊಂದು ಬೇರೆ ವ್ಯವಸ್ಥೆ ಬೇಕಾಗಿತ್ತು. ಇದನ್ನೆಲ್ಲ ಅಂಗಡಿಯಲ್ಲಿ ಮೊದಲೇ ಹೇಳಿದೆ. ಮತ್ತೆ ಹೇಳುತ್ತೇನೆ, ಮೊದಲೇ ಹೇಳಿದೆ. ಕಂಪ್ಯೂಟರಿಗೆ ರೌಟರಿಂದ ಲ್ಯಾನ್ ಕೇಬಲ್ ಹಾಕಬೇಕು, ಒಳಗಿನ ಕೋಣೆಯಲ್ಲೂ ವೈಫೈ ಸಿಗಬೇಕು ಅಂತ ಬಿಡಿಸಿ ಹೇಳಿದೆ.

"ಏನೂ ಚಿಂತಿ ಮಾಡಬ್ಯಾಡ್ರಿ ಅಕ್ಕಾ. ಯಾವ ಸಿಮ್ ಹಾಕಿದ್ರೂ ನಡೀತದ. ಯಾವ ಡಾಂಗಲ್ ಆದ್ರೂ ಯಾವ ರೌಟರಿಗಾದ್ರೂ ಕೂಡ್ತದ. ಹಚ್ಚೂದು, ಓಡ್ಸೂದು, ಅಷ್ಟ."

ಅಂಗಡಿಯಾತ ಹೀಗಂದು ನನ್ನ ಕಣ್ಣೆದುರೇ ತೋರಿಸಿದ. ಡಬ್ಬಿಯಿಂದ ರೌಟರ್ ತೆಗೆದ, ಡಾಂಗಲ್ಲಿಗೆ ನನ್ನ ಸಿಮ್ ಹಾಕಿದ, ರೌಟರಿನ ಹಿಂದೆ ಸಿಕ್ಕಿಸಿದ. ಡಾಂಗಲ್ಲಿನಲ್ಲಿ ದೀಪ ಬಂತು. ರೌಟರಿನಲ್ಲೂ ದೀಪ ಬಂತು. ಆಮೇಲೆ ನನ್ನ ಫೋನ್ ಕೈಗೆ ಕೊಡಿ ಅಂದ. ವೈಫೈ ಹೆಸರು ತಾನೇ ಆರಿಸಿದ, ಪಾಸ್‌ವರ್ಡ್ ತಾನೇ ಹೊಡೆದ, ಒಂದು ವಿಡಿಯೊ ಹಾಕಿ ನನ್ನ ಕಡೆ ತಿರುಗಿಸಿದ. "ನೋಡ್ರಿ, ಹೆಂಗ ಓಡ್ಲಿಕ್ಕತ್ತದ!" ವಿಡಿಯೊ ಓಡುತ್ತಿತ್ತು. ಇನ್ನೇನು ಬೇಕು ಹೇಳಿ? ಅಂಗಡಿಯಲ್ಲೇ ನಡೆಸಿ ತೋರಿಸಿದರೆ ಯಾರಾದರೂ ನಂಬುತ್ತಾರೆ, ಅಲ್ವಾ?

ಬಿಲ್ ಕೇಳಿದೆ. "ಪಕ್ಕಾ ಬಿಲ್ ಬೇಕಂದ್ರ ಜಿಎಸ್‌ಟಿ 18 ಪರ್ಸೆಂಟ್ ಮ್ಯಾಲೆ ಆಗ್ತದ್ರಿ" ಅಂದ. ಒಂದು ಚೀಟಿಯಲ್ಲಿ "ಸೆಟ್ 4300" ಅಂತ ಬರೆದು ಕೊಟ್ಟ. ಅಂಗಡಿ ಹೆಸರಿಲ್ಲ, ಸೀಲಿಲ್ಲ, ಏನೂ ಇಲ್ಲ. ರೊಕ್ಕ ಫೋನಿನಿಂದಲೇ ಕಳಿಸಿದ್ದೆ, ಅದೊಂದೇ ಗುರುತು.

ಮನೆಗೆ ಬಂದು ಅದೇ ರೀತಿ ಜೋಡಿಸಿದೆ. ಪಕ್ಕದಲ್ಲೇ ಕೂತರೆ ಫೋನಿನಲ್ಲಿ ನೆಟ್ ಚೆನ್ನಾಗಿ ಬಂತು. ಅದೇ ಖುಷಿಯಲ್ಲಿ ಶಹಾಬಾದಿನಲ್ಲಿರುವ ನಾದಿನಿಗೆ ಫೋನ್ ಮಾಡಿ ಹೇಳಿದೆ. ಅವಳ ಮನೆಯಲ್ಲೂ ಇದೇ ತೊಂದರೆ ಇತ್ತು. ಅವಳು ಸಂತೆ ಕೆಲಸಕ್ಕೆ ಕಲಬುರಗಿಗೆ ಬಂದಾಗ ಅದೇ ಅಂಗಡಿಗೆ ಹೋಗಿ, ನನ್ನ ಹೆಸರು ಹೇಳಿ, ಅದೇ ಸೆಟ್ ತೊಗೊಂಡಳು. ಅವಳಿಗೆ ಏನು ಕೊಟ್ಟ ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಂಪ್ಯೂಟರಿಗೆ ಕೇಬಲ್ ಹಾಕಿದೆ. ನೆಟ್ ಇಲ್ಲ. ಕೇಬಲ್ ಬದಲಿಸಿದೆ. ಇಲ್ಲ. ಅಂಗಡಿಗೆ ಫೋನ್ ಮಾಡಿದೆ. "ಬಂದ್ ಮಾಡಿ ಚಾಲೂ ಮಾಡ್ರಿ." ಮಾಡಿದೆ, ಇಲ್ಲ. "ನಿಮ್ಮ ಕಂಪ್ಯೂಟರ್ ಹಳೀದು ಅದ್ರಿ, ಡ್ರೈವರ್ ಹಾಕ್ಸ್ರಿ." ಡ್ರೈವರ್ ಅಂದರೆ ಸಾಧನವನ್ನು ಕಂಪ್ಯೂಟರಿನಲ್ಲಿ ನಡೆಸುವ ಸಾಫ್ಟ್‌ವೇರ್. ಫೋನಿಗೆ ಹೊರಗಿನ ಕೋಣೆಯಲ್ಲಿ ಬರುವುದು ಒಳಗೆ ಯಾಕೆ ಬರುವುದಿಲ್ಲ ಅಂತ ಕೇಳಿದರೆ "ನಿಮ್ಮ ಏರಿಯಾದಾಗ ಟವರ್ ವೀಕ್ ಅದ್ರಿ ಅಕ್ಕಾ, ಅದಕ್ ನಾವೇನ್ ಮಾಡೂಣು?" ಟವರ್ ವೀಕ್ ಇದ್ದರೆ ಹೊರಗಿನ ಕೋಣೆಯಲ್ಲಿ ವಿಡಿಯೊ ಹೇಗೆ ಓಡುತ್ತದೆ? ಆ ಪ್ರಶ್ನೆಗೆ ಉತ್ತರವೇ ಇಲ್ಲ. "ಗಿರಾಕಿ ಇದ್ದಾರ್ರಿ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಟ್ಟ. ಆಮೇಲೆ ಮಾಡಲೇ ಇಲ್ಲ.

ಇತ್ತ ಮಕ್ಕಳು ಕ್ಲಾಸಿಗೆ ಕಾಯುತ್ತಿದ್ದಾರೆ. ತಾಯಂದಿರು ಕೇಳುತ್ತಾರೆ, "ಹೊಸಾ ನೆಟ್ ಹಾಕ್ಸೀರಂತಲ್ರಿ ಟೀಚರ್?" ಏನಂತ ಹೇಳಲಿ.

ಕೊನೆಗೆ ನನ್ನ ತಮ್ಮನ ಮಗ ಬಂದ. ಡಿಪ್ಲೊಮಾ ಓದುತ್ತಾನೆ. ಡಾಂಗಲ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ರೌಟರಿಂದ ಕಿತ್ತ. ಗೋಡೆಯಲ್ಲಿದ್ದ ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದ. ರೌಟರಿನ ಸ್ವಿಚ್ ಪೂರ್ತಿ ಬಂದ್ ಮಾಡಿದ. "ಅತ್ತಿ, ಈಗ ಫೋನ್ ನೋಡ್ರಿ" ಅಂದ. ಅದೇ ವೈಫೈ ಹೆಸರು, ಅದೇ ನೆಟ್, ವಿಡಿಯೊ ಓಡುತ್ತಿದೆ. ರೌಟರ್ ಬಂದ್ ಇದೆ. ನೆಟ್ ಓಡುತ್ತಿದೆ!

ಆಗ ಗೊತ್ತಾಯಿತು. ಅದು ವೈಫೈ ಇರುವ ಡಾಂಗಲ್. ಅದಕ್ಕೆ ಸಿಮ್ ಮತ್ತು ಕರೆಂಟ್ ಸಿಕ್ಕರೆ ಸಾಕು, ತಾನೇ ಒಂದು ಸಣ್ಣ ಹಾಟ್‌ಸ್ಪಾಟ್ ಆಗುತ್ತದೆ. ಅಂಗಡಿಯಲ್ಲಿ ಆತ ನನ್ನ ಫೋನ್ ಇಸಿದುಕೊಂಡು ಕೂಡಿಸಿದ್ದು ಡಾಂಗಲ್ಲಿನ ವೈಫೈಗೆ, ರೌಟರಿನ ವೈಫೈಗೆ ಅಲ್ಲ. ಪಟ್ಟಿಯಲ್ಲಿ ಎರಡು ಹೆಸರು ಬರುತ್ತವೆ. ಅದಕ್ಕೇ ಹೆಸರು ತಾನೇ ಆರಿಸಿದ. ಅದಕ್ಕೇ ಫೋನ್ ನನ್ನ ಕೈಯಲ್ಲಿ ಬಿಡಲಿಲ್ಲ. ರೌಟರ್ ಸುಮ್ನೆ ದೀಪ ಹಚ್ಚಿಕೊಂಡು ಕೂತಿತ್ತು. ಹುಡುಗ ಇದನ್ನೆಲ್ಲ ಹೇಳುವಾಗ ಅತ್ತೆ ಮಾವ ಅಲ್ಲೇ ಕೂತಿದ್ದರು. ಅವರ ಮುಖ ನೋಡಲು ಆಗಲಿಲ್ಲ ನನಗೆ.

ಅವನು ರೌಟರಿನ ಸೆಟ್ಟಿಂಗ್ ಪುಟವನ್ನೂ ತೆಗೆದು ತೋರಿಸಿದ. ಬ್ರೌಸರಿನಲ್ಲಿ 192.168.0.1 ಹೊಡೆದರೆ ಬರುತ್ತದಲ್ಲ, ಅದು. ಇಂಟರ್ನೆಟ್ ಎಲ್ಲಿಂದ ಬರಬೇಕು ಅಂತ ಆರಿಸುವ ಜಾಗದಲ್ಲಿ ಡೈನಾಮಿಕ್ ಐಪಿ, ಸ್ಟ್ಯಾಟಿಕ್ ಐಪಿ, ಪಿಪಿಪಿಒಇ ಅಷ್ಟೇ ಇವೆ. ಮೂರೂ ಹಿಂದಿನ ವ್ಯಾನ್ ಕಿಂಡಿಗೆ, ಅಂದರೆ ಹೊರಗಿನಿಂದ ನೆಟ್ ಬರುವ ಕಿಂಡಿಗೆ, ಕೇಬಲ್ ಬಂದರೆ ಮಾತ್ರ ಕೆಲಸಕ್ಕೆ ಬರುತ್ತವೆ. 3ಜಿ/4ಜಿ ಅನ್ನುವ ಮೆನುವೇ ಇಲ್ಲ. ಯುಎಸ್‌ಬಿ ಅನ್ನುವ ಕಡೆ ಎರಡೇ ಸಾಲು. ಒಂದು ಪೆನ್‌ಡ್ರೈವ್ ಹಂಚಿಕೊಳ್ಳಲು, ಇನ್ನೊಂದು ಪ್ರಿಂಟರ್ ಜೋಡಿಸಲು. ಅಂದರೆ ಆ ಕಿಂಡಿ ಇರುವುದೇ ಬೇರೆ ಕೆಲಸಕ್ಕೆ. ಯುಎಸ್‌ಬಿ ಕಿಂಡಿ ಇದ್ದ ಮಾತ್ರಕ್ಕೆ ಡಾಂಗಲ್ ನಡೆಯುವುದಿಲ್ಲ. ನನಗೆ ಇದೊಂದು ಮಾತು ಯಾರಾದರೂ ಮೊದಲೇ ಹೇಳಿದ್ದರೆ!

ಡಾಂಗಲ್ ನಡೆಸುವ ರೌಟರ್‌ಗಳು ಬೇರೆ ಇವೆ. ಟಿಪಿ-ಲಿಂಕ್‌ನ ಎಂಆರ್3420 ಅಂಥದ್ದು. ಅವುಗಳಲ್ಲೂ ಎಲ್ಲ ಡಾಂಗಲ್ ಕೂಡುವುದಿಲ್ಲ. ಯಾಕೆ ಅಂದರೆ, ಬಹಳಷ್ಟು ಡಾಂಗಲ್‌ಗಳು ಹಚ್ಚಿದ ಕೂಡಲೇ ತಾವು ಮೋಡೆಮ್, ಅಂದರೆ ನೆಟ್ ತರುವ ಸಾಧನ, ಅಂತ ತೋರಿಸಿಕೊಳ್ಳುವುದಿಲ್ಲ. ಮೊದಲು ಸಿಡಿ ಡ್ರೈವ್ ಥರ ಕಾಣುತ್ತವೆ. ಕಂಪ್ಯೂಟರಿಗೆ ಡ್ರೈವರ್ ಹಾಕಲಿ ಅಂತ ಹಾಗೆ ಮಾಡಿರುತ್ತಾರೆ. ರೌಟರಿಗೆ ಆ ಡಾಂಗಲ್ ಗೊತ್ತಿದ್ದರೆ ಮಾತ್ರ ಅದನ್ನು ಮೋಡೆಮ್ ಮಾಡಿಕೊಳ್ಳುತ್ತದೆ. ಅದಕ್ಕೇ ರೌಟರ್ ಕಂಪನಿಗಳು ತಮ್ಮ ಸೈಟಿನಲ್ಲಿ ಯಾವ ಮಾಡೆಲಿನ ಡಾಂಗಲ್ ನಡೆಯುತ್ತದೆ ಅಂತ ಪಟ್ಟಿ ಇಟ್ಟಿರುತ್ತವೆ. ಕರೆಂಟಿನ ಮಾತು ಬೇರೆ. ಯುಎಸ್‌ಬಿ 2.0 ಕಿಂಡಿ ಲೆಕ್ಕದ ಪ್ರಕಾರ ಕೊಡುವುದು 500 ಮಿಲಿಆಂಪ್. ಸಿಗ್ನಲ್ ಕಡಿಮೆ ಇರುವ ಕಡೆ ಡಾಂಗಲ್ ಜಾಸ್ತಿ ಎಳೆಯುತ್ತದೆ, ಸಾಲದಿದ್ದರೆ ನಡುನಡುವೆ ಬಂದ್ ಆಗುತ್ತದೆ. ಇಷ್ಟೆಲ್ಲ ಇರುವಾಗ "ಯಾವುದಕ್ಕಾದ್ರೂ ಕೂಡ್ತದ" ಅಂತ ಹೇಗೆ ಹೇಳುತ್ತಾರೆ? ದಿನಾ ಇದನ್ನೇ ಮಾರುವವರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ.

ಅಂಗಡಿಗೆ ಹೋದೆ. ರೌಟರಿನ ಮೆನು ಫೋಟೊ ತೋರಿಸಿದೆ. ಮೊದಲು ನಕ್ಕ. ಆಮೇಲೆ ಅಂದ, "ಅಕ್ಕಾ, ನಾನ್ ನೆಟ್ ಬರ್ತದ ಅಂದಿದ್ದೆ, ಬಂತಿಲ್ಲೋ?" ಹಾಗೆಯೇ ಅಂದ. ಬಂತಿಲ್ಲೋ! ನಾನು ಕೇಬಲ್ ಬೇಕು ಅಂದಿದ್ದೆ ಅಂದರೆ "ಅದು ನನಗ ನೆನಪಿಲ್ರಿ." ರೌಟರ್ ವಾಪಸ್ ತೊಗೋ, ಅದರ 2,400 ಕೊಡು, ಡಾಂಗಲ್ ಇರಲಿ ಅಂದೆ. ಗೋಡೆಯ ಮೇಲಿನ ಬೋರ್ಡ್ ತೋರಿಸಿದ. ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ.

ಆಮೇಲೆ ದನಿ ಬದಲಾಯಿತು. "ಈ ಡಾಂಗಲ್ ಬ್ಯಾರೆ ಟೈಪ್ರಿ. ರೌಟರಿಗಿ ಪ್ಯೂರ್ ಮೋಡೆಮ್ ಬೇಕ್ರಿ. ಇದು ವಾಪಸ್ ಕೊಟ್ಟು ಮ್ಯಾಲೆ 700 ಕೊಡ್ರಿ, ಅದು ಕೊಡ್ತೀನಿ." ಡಬ್ಬಿ ಕೈಗೆ ಕೊಟ್ಟ. ಮೇಲೆ 7.2 ಎಂಬಿಪಿಎಸ್ ಅಂತ ಇತ್ತು. ಫೋಟೊ ತೆಗೆದು ಹುಡುಗನಿಗೆ ಕಳಿಸಿದೆ. ಅವನು ಕೂಡಲೇ ಫೋನ್ ಮಾಡಿ "ಅತ್ತಿ, ಮುಟ್ಟಬ್ಯಾಡ್ರಿ, ಅದು 3ಜಿ" ಅಂದ. ಬರೀ 3ಜಿ ಡಾಂಗಲ್! ನಾನು ಅದಕ್ಕೆ ಹಾಕಬೇಕಾಗಿದ್ದು ಜಿಯೊ ಸಿಮ್. ಜಿಯೊ 2016ರಲ್ಲಿ ಶುರುವಾದಾಗಿನಿಂದಲೂ 4ಜಿ. ಅವರಿಗೆ 3ಜಿ ಅನ್ನುವುದೇ ಇರಲಿಲ್ಲ. ಏರ್‌ಟೆಲ್ 2019ರಿಂದ 3ಜಿ ಮುಚ್ಚುತ್ತಾ ಬಂತು. ಆ ಡಬ್ಬಿಯನ್ನು 700 ಮೇಲೆ ತೊಗೊಂಡು, ನಡೆಯುವ 4ಜಿ ಡಾಂಗಲ್ ಬಿಟ್ಟುಕೊಡಬೇಕಾಗಿತ್ತು. ಮೋಡೆಮ್ ಮೆನುವೇ ಇಲ್ಲದ ರೌಟರಿಗೆ!

ನನ್ನ ನಾದಿನಿಗೆ ಆತ ಕೊಟ್ಟಿದ್ದು ಇದನ್ನೇ. ಅವಳಿಗೆ ಅಂಗಡಿಯಲ್ಲಿ ನಡೆಸಿಯೂ ತೋರಿಸಿಲ್ಲ. "ನಿಮ್ಮ ವೈನಿಗಿ ತೋರ್ಸೀನಲ್ರಿ, ಅದೇ ಸೆಟ್" ಅಂದನಂತೆ. ಶಹಾಬಾದಿಗೆ ಹೋಗಿ ಜಿಯೊ ಸಿಮ್ ಹಾಕಿದರೆ ನೆಟ್‌ವರ್ಕ್ ಒಂದು ಕಡ್ಡಿಯೂ ಬರಲಿಲ್ಲ. ಅವಳು ಫೋನ್ ಮಾಡಿ ಕೇಳಿದ್ದಕ್ಕೆ "ಶಹಾಬಾದ್‌ದಾಗ ಟವರ್ ವೀಕ್ ಅದ್ರಿ." ಅವಳು ನನಗೆ ಏನೂ ಅನ್ನಲಿಲ್ಲ. "ಇರಲಿ ಬಿಡ್ರಿ ವೈನಿ" ಅಂದಳು. ಆ ಮಾತು ಕೇಳಿ ಇನ್ನೂ ಜಾಸ್ತಿ ನೋವಾಯಿತು. ನನ್ನ ಹೆಸರು ಹೇಳಿಯೇ ಅವಳಿಗೆ ಮಾರಿದರಲ್ಲ.

ಇನ್ನೊಂದು ಆಸೆಯನ್ನೂ ತೋರಿಸಿದ. ರೌಟರಿಗೆ ಬೇರೆ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ, 600 ಕೊಡಿ ಅಂದ. ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಸಾಫ್ಟ್‌ವೇರ್ ಇರುವುದು ನಿಜ, ಅದರಲ್ಲಿ ಡಾಂಗಲ್ ನಡೆಯುವುದೂ ನಿಜ. ಆದರೆ 4 ಎಂಬಿ ಫ್ಲ್ಯಾಷ್, 32 ಎಂಬಿ ರ‍್ಯಾಮ್ ಇರುವ, ಅಂದರೆ ಮೆಮೊರಿ ತೀರಾ ಕಡಿಮೆ ಇರುವ ರೌಟರಿಗೆ ಅದು ಬೇಡ ಅಂತ ಅದನ್ನು ಮಾಡಿದವರೇ ಹೇಳುತ್ತಾರೆ. ನನಗೆ ಮಾರಿದ್ದು ಅಷ್ಟೇ ಇರುವ ಹಳೆಯ ಮಾಡೆಲ್. ಒಂದು ಪೈಸೆಯನ್ನೂ ಕೊಡದೆ ಬಂದೆ.

ಈಗ ಡಾಂಗಲ್ ನೇರವಾಗಿ ಕಂಪ್ಯೂಟರಿಗೇ ಹಚ್ಚಿದ್ದೇವೆ. ಕ್ಲಾಸ್ ನಡೆಯುತ್ತಿದೆ. ಹಾಗಾದರೆ ರೌಟರ್ ಯಾಕೆ ಮಾರಿದರು? 2,400 ರೂಪಾಯಿಗೆ ಮಾತ್ರ. ಒಳಗಿನ ಕೋಣೆಗೆ ಈಗಲೂ ನೆಟ್ ಇಲ್ಲ.

1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ ಕೊಡದಿರುವುದೇ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ತಪ್ಪು. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಬರೆದಿರದಿದ್ದರೆ 30 ದಿನದೊಳಗೆ ವಾಪಸ್ ತೊಗೊಳ್ಳದಿದ್ದರೆ ಅದೂ ತಪ್ಪು. ಗೋಡೆಯ ಮೇಲಿನ ಬೋರ್ಡಿಗೆ ಹೆದರಬೇಡಿ. ಇದನ್ನು ಅಂಗಡಿಯಾತನಿಗೂ ಹೇಳಿದೆ. "ಮಾಡ್ಕೋರಿ, ಪಾವತಿ ಎಲ್ಲದ?" ಅಂದ, ರಸೀದಿ ಎಲ್ಲಿದೆ ಅಂತ. ಫೋನಿನಿಂದ ಕಳಿಸಿದ ರೊಕ್ಕದ ದಾಖಲೆ ಇದೆ, ಚೀಟಿ ಇದೆ, ನಾದಿನಿಯ ಹತ್ತಿರವೂ ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಮಾಲಿಗೆ ಶುಲ್ಕ ಇಲ್ಲ. ರೊಕ್ಕ ವಾಪಸ್ ಕೊಡದಿದ್ದರೆ ಇಬ್ಬರೂ ಸೇರಿ ಅಲ್ಲಿಗೇ ಹೋಗುತ್ತೇವೆ.

ಫೈಬರ್ ಇಲ್ಲದವರು ಸಿಮ್ ಹಾಕುವ ಕಿಂಡಿ ಇರುವ 4ಜಿ ರೌಟರನ್ನೇ ಕೇಳಿ. ಡಾಂಗಲ್ ಸೆಟ್ಟೇ ಬೇಕು ಅಂದರೆ ಅಂಗಡಿಯಲ್ಲಿ ಹೀಗೆ ಮಾಡಿಸಿ. ರೌಟರಿನ ವ್ಯಾನ್ ಕಿಂಡಿ ಖಾಲಿ ಇರಬೇಕು. ಒಂದು ಲ್ಯಾಪ್‌ಟಾಪ್ ತರಿಸಿ, ಅದರ ವೈಫೈ ಬಂದ್ ಮಾಡಿಸಿ, ರೌಟರಿಂದ ಲ್ಯಾನ್ ಕೇಬಲ್ ಹಾಕಿಸಿ, ನೀವೇ ಕೈಯಾರೆ ಒಂದು ಸೈಟ್ ತೆಗೆದು ನೋಡಿ. ಫೋನಿನಲ್ಲಿ ತೋರಿಸುತ್ತೇನೆ ಅಂದರೆ ಒಪ್ಪಬೇಡಿ. ನಿಮ್ಮ ಫೋನ್ ಅವರ ಕೈಗೆ ಕೊಡಲೇಬೇಡಿ. ಪಕ್ಕಾ ಬಿಲ್ಲಿನಲ್ಲಿ ಡಾಂಗಲ್ ಮತ್ತು ರೌಟರ್ ಎರಡರ ಮಾಡೆಲ್ ಹೆಸರನ್ನೂ ಬರೆಸಿ. ಬರೆಯುವುದಿಲ್ಲ ಅಂದರೆ ರೊಕ್ಕ ಕೊಡದೆ ಎದ್ದು ಬನ್ನಿ.