ಕೀ ಯಾರು ಕೊಟ್ಟಿದ್ದು?

ಮನೆಯಲ್ಲಿ ಹದಿನೈದು, ಹದಿನಾರು, ಹದಿನೇಳು ವರ್ಷದ ಮಕ್ಕಳಿದ್ದು, ಮನೆ ಮುಂದೆ ಒಂದು ಸ್ಕೂಟರ್ ನಿಂತಿದ್ದರೆ ಇದನ್ನು ಓದಿ. ನಮ್ಮ ಮನೆಯಲ್ಲೇ ಆದದ್ದು. ಬರೆಯೋಕೆ ನಾಚಿಕೆ ಆಗುತ್ತದೆ, ಇಷ್ಟು ದಿನ ಬರೆದೂ ಇರಲಿಲ್ಲ. ಮೊನ್ನೆ ನಮ್ಮ ರಸ್ತೆಯಲ್ಲಿ ಯೂನಿಫಾರ್ಮ್ ಹಾಕಿದ ಮೂರು ಹುಡುಗರು ಒಂದೇ ಗಾಡಿಯಲ್ಲಿ ಕೂಗಾಡುತ್ತಾ ಹೋದರು. ಗೇಟಿನ ಹತ್ತಿರ ನಿಂತಿದ್ದ ಒಬ್ಬರು ನಗುತ್ತಾ ಕೈ ಬೀಸಿದರು. ಮೂವರಲ್ಲಿ ಒಬ್ಬ ಅವರ ಮಗನೇ. ಅದನ್ನು ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ನಾವಿರುವುದು ಮೈಸೂರಿನ ರಿಂಗ್ ರೋಡಿನ ಹತ್ತಿರದ ಒಂದು ಬಡಾವಣೆಯಲ್ಲಿ. 2025ರ ಸಂಕ್ರಾಂತಿ ದಿನ ಸಂಜೆ ಹೆಂಡತಿ ಮತ್ತು ಮಗಳು ಎಳ್ಳು ಬೀರೋಕೆ ಹೋಗಿದ್ದರು. ಅಷ್ಟರಲ್ಲಿ ನನ್ನ ಅಕ್ಕ, ಭಾವ ಬಂದರು. ಕಾಫಿ ಮಾಡೋಣ ಅಂದರೆ ಹಾಲಿಲ್ಲ. ನಂದಿನಿ ಬೂತ್ ಇರುವುದು ಅರ್ಧ ಕಿಲೋಮೀಟರ್ ದೂರದಲ್ಲಿ. ಮಗ ಎದ್ದು, "ನಾನ್ ತರ್ತೀನಪ್ಪ" ಅಂದ. ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದ ಕೀ ತೆಗೆದು ನಾನೇ ಕೈಗೆ ಕೊಟ್ಟೆ. "ಹೆಲ್ಮೆಟ್ ಹಾಕ್ಕೋ, ನಿಧಾನ" ಅಂತ ಬುದ್ಧಿಯನ್ನೂ ಹೇಳಿದೆ. ಆಗ ಅವನಿಗೆ ಹದಿನಾರು ವರ್ಷ, ಎಂಟು ತಿಂಗಳು.

ಅದೇ ಮೊದಲ ಸಲ ಕೊಟ್ಟಿದ್ದಾ? ಅಲ್ಲ. ಹಿಂದಿನ ಬೇಸಿಗೆಯಲ್ಲಿ, ಎಸೆಸೆಲ್ಸಿ ಮುಗಿದ ಮೇಲೆ, ಕೆ.ಆರ್. ನಗರದ ಹತ್ತಿರ ಇರುವ ಮಾವನ ಊರಿಗೆ ಹೋಗಿದ್ದೆವು. ಅಲ್ಲಿ ನಾಲೆ ಏರಿ ಮೇಲೆ ಮಾವನ ಟಿವಿಎಸ್ ಎಕ್ಸೆಲ್‌ನಲ್ಲಿ ಅವನಿಗೆ ಓಡಿಸೋಕೆ ಕಲಿಸಿದವನು ನಾನೇ. ಆಮೇಲೆ ಮೈಸೂರಿಗೆ ಬಂದು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹಿಂದೆ ಕೂತೆ. ಆಮೇಲೆ ಹಿಂದೆ ಕೂರೋದನ್ನೂ ಬಿಟ್ಟೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ನಾನೂ ಹದಿನಾರಕ್ಕೇ ಟಿವಿಎಸ್ ಫಿಫ್ಟಿ ಓಡಿಸಿದ್ದೆ, ಏನಾಯ್ತು? ಗೇರ್ ಇಲ್ಲದ ಗಾಡಿಗೆ ಹದಿನಾರು ಆದರೆ ಸಾಕು ಅಂತ ಎಲ್ಲರೂ ಹೇಳ್ತಾರಲ್ವಾ.

ಹೆಂಡತಿ ಮಾತ್ರ ಬೇಡ ಅನ್ನುತ್ತಲೇ ಇದ್ದಳು. ಅವಳು ಮನೆಯಲ್ಲಿ ಇಲ್ಲದಾಗ ಕೀ ಮೊಳೆಯಿಂದ ಇಳಿಯುತ್ತಿತ್ತು.

ಆ ದಿನ ಇವನು ಹಾಲಿನ ಬೂತಿಗೆ ಹೋದವನು ಹಾಗೇ ವಾಪಸ್ ಬರಲಿಲ್ಲ. ದಾರಿಯಲ್ಲಿ ಗೆಳೆಯ ಸಿಕ್ಕಿದ್ದಾನೆ. ಪಕ್ಕದ ಹಳ್ಳಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಾರೆ, ನೋಡಿ ಬರೋಣ ಅಂತ ಹಿಂದೆ ಕೂರಿಸಿಕೊಂಡು ಹೊರಟಿದ್ದಾನೆ. ಸರ್ವಿಸ್ ರೋಡಿನ ತಿರುವಿನಲ್ಲಿ ವಯಸ್ಸಾದವರೊಬ್ಬರು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಸೈಕಲ್‌ಗೆ ಮಾರಿ ಉಳಿದ ಕಬ್ಬಿನ ಜಲ್ಲೆಗಳನ್ನು ಅಡ್ಡಡ್ಡ ಕಟ್ಟಿದ್ದರು. ಇವನಿಗೆ ಆ ಜಲ್ಲೆಗಳು ಕಂಡದ್ದೇ ತೀರಾ ಹತ್ತಿರಕ್ಕೆ ಹೋದ ಮೇಲೆ.

ನನಗೆ ಫೋನ್ ಬಂದು ನಾನು ಓಡಿದಾಗ ರಸ್ತೆ ತುಂಬಾ ಕಬ್ಬು ಬಿದ್ದಿತ್ತು. ಹಾಲಿನ ಪ್ಯಾಕೆಟ್ ಒಡೆದು ಚರಂಡಿ ಕಡೆಗೆ ಬಿಳಿಯಾಗಿ ಹರಿದಿತ್ತು. ಮಗನಿಗೂ ಅವನ ಗೆಳೆಯನಿಗೂ ಬರೀ ತರಚು ಗಾಯ. ಅಜ್ಜನ ಬಲಗಾಲು ಮಾತ್ರ ಇರಬಾರದ ಕಡೆಗೆ ತಿರುಗಿತ್ತು. ಅಲ್ಲಿದ್ದ ಒಬ್ಬ ಆಟೋದವರು ಯಾರನ್ನೂ ಕೇಳದೆ ಅವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿ, ಬಾಡಿಗೆಯನ್ನೂ ತೆಗೆದುಕೊಳ್ಳದೆ ಹೋದರು. (ಹೀಗೆ ಸಹಾಯ ಮಾಡಿದವರನ್ನು ಹೆಸರು, ವಿಳಾಸ ಕೊಡಿ ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ. ಕಾನೂನೇ ಹಾಗಿದೆ. ಹೆದರಿ ಸುಮ್ಮನೆ ನಿಂತು ನೋಡುವವರಿಗೆ ಈ ಮಾತು.)

ತೊಡೆಯ ಮೂಳೆ ಮುರಿದಿತ್ತು. ರಾಡ್ ಹಾಕಬೇಕು ಅಂದರು.

ಈಗ ನನ್ನ ಇನ್ನೊಂದು ಕೆಟ್ಟತನ ಹೇಳುತ್ತೇನೆ. ಅಪಘಾತದ ಗಾಯ ಅಂದರೆ ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯ ಅಂತ ದಾಖಲೆ, ಮಾಡಿ ಪೊಲೀಸರಿಗೆ ತಿಳಿಸುತ್ತಾರೆ. ಅವರು ಬರುವ ಮೊದಲು ಭಾವ ನನ್ನನ್ನು ಪಾರ್ಕಿಂಗ್ ಹತ್ತಿರ ಕರೆದುಕೊಂಡು ಹೋಗಿ, "ನೀನೇ ಓಡಿಸ್ತಿದ್ದೆ ಅಂತ ಬರೆಸ್ಬಿಡು. ನಿನ್ನ ಡಿಎಲ್ ಇದೆ, ಇನ್ಷೂರೆನ್ಸ್ ಇದೆ, ಕಥೆ ಮುಗೀತು" ಅಂದರು. ಕೇಳೋಕೆ ಎಷ್ಟು ಸಲೀಸಾಗಿತ್ತು ಅಂದರೆ ನಾನು ಅಲ್ಲೇ ನಿಂತು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳೋಕೆ ಶುರು ಮಾಡಿದ್ದೆ. ಎಲ್ಲಿಗೆ ಹೊರಟಿದ್ದೆ, ಹಿಂದೆ ಕೂತಿದ್ದ ಹುಡುಗ ಯಾರು, ಎಲ್ಲ. ಅಷ್ಟರಲ್ಲಿ ಹೆಂಡತಿ ಬಂದಳು. ರೇಷ್ಮೆ ಸೀರೆ, ಕೈಯಲ್ಲಿ ಇನ್ನೂ ಎಳ್ಳು ಬೆಲ್ಲದ ಪ್ಯಾಕೆಟ್‌ಗಳ ಚೀಲ. ಭಾವನ ಮಾತು ಕೇಳಿ, "ಆ ಯಜಮಾನರಿಗೆ ಕಣ್ಣಿಲ್ವಾ? ಗುದ್ದಿದ್ದು ಯಾರು ಅಂತ ನೋಡಿಲ್ವಾ?" ಅಂದಳು. ಭಾವ ಸುಮ್ಮನಾದರು.

ಅವಳು ಹಾಗೆ ಕೇಳದಿದ್ದರೆ ಏನಾಗುತ್ತಿತ್ತು ಅಂತ ಹತ್ತೇ ನಿಮಿಷಕ್ಕೆ ಗೊತ್ತಾಯಿತು. ಸಂಚಾರ ಠಾಣೆಯ ಎಸ್‌ಐ ಬಂದಾಗ ತಿರುವಿನ ಬೇಕರಿಯ ಸಿಸಿ ಕ್ಯಾಮೆರಾದ ವಿಡಿಯೋ ಆಗಲೇ ಅವರ ಮೊಬೈಲಿನಲ್ಲಿತ್ತು. ಓಡಿಸಿದವರ ಹೆಸರು ಬದಲಿಸಿ ಹೇಳುವುದು ಬೇರೆಯದೇ ಅಪರಾಧ. ಮಗನ ಕೇಸಿನ ಜೊತೆ ನನ್ನ ಮೇಲೂ ಸುಳ್ಳು ಹೇಳಿದ ಕೇಸು ಬೀಳುತ್ತಿತ್ತು. 2024ರ ಮೇನಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗ ಐಷಾರಾಮಿ ಕಾರು ಓಡಿಸಿ ಇಬ್ಬರ ಜೀವ ತೆಗೆದದ್ದು ನೆನಪಿರಬಹುದು. ಮುನ್ನೂರು ಪದದ ಪ್ರಬಂಧ ಬರೆ ಅಂತ ಜಾಮೀನು ಕೊಟ್ಟಿದ್ದಕ್ಕೆ ದೇಶವೆಲ್ಲ ಸಿಟ್ಟಾಗಿತ್ತಲ್ಲ, ಅದೇ. ಅವನ ಅಪ್ಪನನ್ನು ಬಂಧಿಸಿದ ಸುದ್ದಿಯನ್ನು ಟಿವಿಯಲ್ಲಿ ನೋಡಿ, "ಸರಿಯಾಗೇ ಮಾಡಿದ್ರು" ಅಂದಿದ್ದವನು ನಾನು. ಊಟ ಮಾಡುತ್ತಾ.

ಎಸ್‌ಐ ಮಗನ ಆಧಾರ್ ಕಾರ್ಡ್ ಕೇಳಿದರು. ಹುಟ್ಟಿದ ದಿನ ನೋಡಿದರು. ಆಮೇಲೆ ಅವನನ್ನು ಬಿಟ್ಟು ನಮ್ಮ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ.

"ಕೀ ಯಾರು ಕೊಟ್ಟಿದ್ದು?"

"ನಾನು ಸಾರ್."

"ಗಾಡಿ ಯಾರ ಹೆಸರಲ್ಲಿದೆ?"

ಗಾಡಿ ಹೆಂಡತಿ ಹೆಸರಲ್ಲಿತ್ತು. ಅವಳ ಹುಟ್ಟುಹಬ್ಬಕ್ಕೆ ಅಂತ ತೆಗೆದದ್ದು.

ಕಾನೂನು ಏನು ಅಂತ ನನಗೆ ಅರ್ಥವಾದದ್ದು ವಕೀಲರ ಹತ್ತಿರ ಕೂತ ಮೇಲೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗಿ 199ಎ ಅಂತ ಒಂದು ಸೆಕ್ಷನ್ ಸೇರಿದೆ. ಹದಿನೆಂಟು ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ವರ್ಷ ಆಗುವವರೆಗೆ ಡಿಎಲ್ ಇಲ್ಲ, ಎಲ್‌ಎಲ್‌ಆರ್ ಕೂಡ ಇಲ್ಲ. "ನಮಗೆ ಗೊತ್ತಿಲ್ಲದೆ ತಗೊಂಡು ಹೋಗ್ಬಿಟ್ಟ" ಅಂದರೆ ಆಗುತ್ತಾ ಅಂತ ಕೇಳಿದೆ. ವಕೀಲರು ನಕ್ಕರು. ನಿಮ್ಮ ಒಪ್ಪಿಗೆಯಿಂದಲೇ ತೆಗೆದುಕೊಂಡು ಹೋದ ಅಂತ ಕೋರ್ಟ್ ಮೊದಲೇ ಅಂದುಕೊಳ್ಳುತ್ತದಂತೆ. ಅಲ್ಲ ಅಂತ ತೋರಿಸಬೇಕಾದವರು ನಾವೇ. "ಕೀ ಎಲ್ಲಿಟ್ಟಿದ್ರಿ ಅಂತಾನೇ ಕೇಳ್ತಾರೆ ಸಾರ್. ಮೊಳೆ ಮೇಲೆ ಅಂತೀರಾ?" ಅಂದರು.

ಕೇಸು ಆದದ್ದು ಮಾಲೀಕಳ ಮೇಲೆ. ಅಂದರೆ ಬೇಡ ಬೇಡ ಅನ್ನುತ್ತಿದ್ದವಳ ಮೇಲೆ. ಅವಳು ರಜೆ ಹಾಕಿ ಕೋರ್ಟಿಗೆ ಬಂದಳು. ಹೆಸರು ಕೂಗಿದಾಗ ಎದ್ದು ಹೋಗಿ ನಿಂತಳು. ನಾನು ಹಿಂದಿನ ಬೆಂಚಿನಲ್ಲಿ ಅವಳ ಕೈಚೀಲ ಹಿಡಿದುಕೊಂಡು ಕೂತಿದ್ದೆ. ಕೊಟ್ಟದ್ದು ಗಂಡ ಅಂತ ಹೇಳಿ ಹೋರಾಡಬಹುದಿತ್ತು, ಆಗ ಪೋಷಕ ಅಂತ ನನ್ನ ಮೇಲೆ ಬರುತ್ತಿತ್ತು. "ಯಾರ ಹೆಸರಾದ್ರೇನು, ಹೋಗೋದು ಒಂದೇ ಮನೆ ದುಡ್ಡು" ಅಂದಳು. ತಪ್ಪೊಪ್ಪಿಕೊಂಡು 25,000 ಕಟ್ಟಿದೆವು. ಮನೆಗೆ ಬರುವವರೆಗೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಮಗನದು ಬೇರೆ ಕಡೆ, ಬಾಲನ್ಯಾಯ ಮಂಡಳಿಯಲ್ಲಿ. ಅಲ್ಲಿ ಕಟಕಟೆ ಇಲ್ಲ. ಒಂದು ಮೇಜು, ಮ್ಯಾಜಿಸ್ಟ್ರೇಟ್ ಒಬ್ಬರು, ಜೊತೆಗೆ ಇಬ್ಬರು ಸಮಾಜ ಸೇವಕರು. ಬಂದಿದ್ದ ಪೊಲೀಸರೂ ಮಾಮೂಲಿ ಷರ್ಟಿನಲ್ಲಿದ್ದರು. ಯಾರೂ ಗದರಲಿಲ್ಲ. ಆದರೂ ಅವನ ಮೊಣಕಾಲು ಮೇಜಿನ ಕೆಳಗೆ ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

ದಂಡ ದೊಡ್ಡದಲ್ಲ, ದೊಡ್ಡದು ಇನ್ನೂ ಬಾಕಿ ಇದೆ. ಆಪರೇಷನ್ನಿಗೆ ಹತ್ತಿರ ಹತ್ತಿರ ಎರಡು ಲಕ್ಷ ನಾನೇ ಕೊಟ್ಟೆ. ಅದಲ್ಲದೆ ಅಜ್ಜನ ಕಡೆಯವರು ಪರಿಹಾರಕ್ಕೆ ಅರ್ಜಿ ಹಾಕಿದ್ದಾರೆ. ಹಾಕಲೇಬೇಕು, ನಾನು ಅವರ ಜಾಗದಲ್ಲಿದ್ದರೂ ಹಾಕುತ್ತಿದ್ದೆ. ಅವರ ಮಗಳು ಆಸ್ಪತ್ರೆಯಲ್ಲಿ ಕೇಳಿದ್ದು ದುಡ್ಡಲ್ಲ. "ಅಣ್ಣಾ, ಅಪ್ಪ ಮೂರು ತಿಂಗ್ಳು ಮಲಗಿದ್ರೆ ಹಸ ನೋಡ್ಕೊಳ್ಳೋರ್ಯಾರು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ಷೂರೆನ್ಸ್ ಇದೆಯಲ್ಲ ಅನ್ನುತ್ತೀರಿ. ಇತ್ತು, ಒಂದು ದಿನವೂ ತಪ್ಪದೆ ಕಟ್ಟಿದ್ದೆ. ಆದರೆ ಓಡಿಸಿದವರಿಗೆ ಡಿಎಲ್ ಇಲ್ಲ ಅಂದರೆ ಪಾಲಿಸಿಯ ಷರತ್ತು ಮುರಿದ ಹಾಗೆ. ಇಂಥ ಕೇಸುಗಳಲ್ಲಿ ಸಾಮಾನ್ಯವಾಗಿ ಮೊದಲು ಕಂಪನಿ ಗಾಯಾಳುವಿಗೆ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಅಂತ ಆದೇಶ ಆಗುತ್ತದೆ. ಅಜ್ಜನಿಗೆ ದುಡ್ಡು ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಕೊನೆಗೆ ಆ ದುಡ್ಡು ಬರುವುದು ನಮ್ಮ ಮನೆಯಿಂದ. ಎಷ್ಟು ಅಂತ ಇನ್ನೂ ತೀರ್ಮಾನ ಆಗಿಲ್ಲ. ಮಗಳ ಹೆಸರಿನ ಎಫ್‌ಡಿ ಮುರಿಯೋಣ ಅಂತ ಮಾತಾಡಿಕೊಂಡಿದ್ದೇವೆ.

ಆ "ಗೇರ್ ಇಲ್ಲದ್ದಕ್ಕೆ ಹದಿನಾರು ಸಾಕು" ಅನ್ನುವ ಮಾತು ಸುಳ್ಳಲ್ಲ, ಅರ್ಧ ನಿಜ. ಅದಕ್ಕೇ ಜಾಸ್ತಿ ಅಪಾಯ. ಹದಿನಾರು ತುಂಬಿದವರಿಗೆ ಓಡಿಸಬಹುದಾದದ್ದು 50 ಸಿಸಿ ಮೀರದ ಗಾಡಿ, ಅದೂ ಎಲ್‌ಎಲ್‌ಆರ್ ಮಾಡಿಸಿಕೊಂಡು, ಪೋಷಕರ ಸಹಿ ಇದ್ದರೆ. ನಮ್ಮ ಕಾಲದ ಟಿವಿಎಸ್ ಫಿಫ್ಟಿ ಆ ಲೆಕ್ಕಕ್ಕೆ ಬರುತ್ತಿತ್ತು. ಈಗಿನ ಎಕ್ಸೆಲ್ ಕೂಡ 100 ಸಿಸಿ ಗಾಡಿ. ನಮ್ಮ ಸ್ಕೂಟರ್ 109 ಸಿಸಿ. ಷೋರೂಮಿನಲ್ಲಿ ಸಿಗುವ ಪೆಟ್ರೋಲ್ ಸ್ಕೂಟರ್ ಯಾವುದನ್ನು ತೆಗೆದುಕೊಂಡರೂ ಹೆಚ್ಚು ಕಡಿಮೆ ಇದೇ ಕಥೆ. ಅಂದರೆ ಹದಿನೆಂಟೇ. ನಮ್ಮ ಕಥೆ ಕೇಳಿದ ಒಬ್ಬರು ಜಾಣತನ ಮಾಡಿ ಮಗಳಿಗೆ ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಟ್ಟರು. ಲೈಸೆನ್ಸ್ ಬೇಡದಿರುವುದು 250 ವ್ಯಾಟ್ ಒಳಗಿನ, ಗಂಟೆಗೆ 25 ಕಿಲೋಮೀಟರ್ ಮೀರದ ಗಾಡಿಗೆ ಮಾತ್ರ. ಅವರದಕ್ಕೆ ನಂಬರ್ ಪ್ಲೇಟ್ ಇದೆ. ನಂಬರ್ ಪ್ಲೇಟ್ ಇದೆ ಅಂದರೆ ಡಿಎಲ್ ಬೇಕು ಅಂತ ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ.

ಊರ ಕಡೆ ಹೋದಾಗ ಇದೆಲ್ಲ ಮರೆತೇ ಹೋಗುತ್ತದೆ. "ಇಲ್ಲಿ ಯಾವ ಪೊಲೀಸ್ ಬರ್ತಾನೆ" ಅಂತ ಟ್ರಾಕ್ಟರ್ ಸೀಟಿನ ಮೇಲೆ ಹದಿಮೂರು ವರ್ಷದ ಹುಡುಗರನ್ನು ಕೂರಿಸುತ್ತಾರೆ. ಹಳ್ಳಿ ರಸ್ತೆಯೂ ರಸ್ತೆಯೇ. ಪೊಲೀಸರು ಬರದೇ ಇರಬಹುದು, ಎದುರಿಗೆ ಸೈಕಲ್ ತಳ್ಳಿಕೊಂಡು ಒಬ್ಬರು ಬಂದೇ ಬರುತ್ತಾರೆ.

ಆಗಬಾರದ್ದು ಆಗಿಹೋದರೆ ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ. ಗಾಡಿ ಎತ್ತಿಕೊಂಡು ಓಡಿಹೋಗಬೇಡಿ. ಪೊಲೀಸರಿಗೆ ಆದಷ್ಟು ಬೇಗ, ತಡ ಅಂದರೂ 24 ಗಂಟೆಯೊಳಗೆ ನೀವೇ ತಿಳಿಸಿ. ಇನ್ಷೂರೆನ್ಸ್‌ನವರಿಗೂ ಇದ್ದದ್ದು ಇದ್ದ ಹಾಗೇ ಹೇಳಿ. ಪಾರ್ಕಿಂಗ್ ಹತ್ತಿರ ಕರೆದುಕೊಂಡು ಹೋಗಿ ಉಪಾಯ ಹೇಳುವ ಭಾವಂದಿರು ಎಲ್ಲರ ಮನೆಯಲ್ಲೂ ಇರುತ್ತಾರೆ.

ಮಗ 2033ರ ಮೇ ತಿಂಗಳವರೆಗೆ ಡಿಎಲ್ ಮಾಡಿಸುವ ಹಾಗಿಲ್ಲ. ಇಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಸೇರಿ, ಆಗಲೂ ಬಸ್ಸೇ. ಈಗ ಸಿಟಿ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾನೆ.

ಇನ್ನೊಂದು ವಿಷಯ ಇದೆ. ಅಪಘಾತಕ್ಕೆ ಮೊದಲು ಐದಾರು ತಿಂಗಳಿಂದ ಸ್ಕೂಟರ್ ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. ಬಂಕಿನವರು ಅಳತೆಯಲ್ಲಿ ಮೋಸ ಮಾಡುತ್ತಿದ್ದಾರೆ ಅಂತ ಬಂಕ್ ಬದಲಿಸಿದೆ. ಆಮೇಲೆ ಸರ್ವಿಸ್‌ಗೆ ಬಿಟ್ಟು, "ಮೈಲೇಜ್ ಬರ್ತಿಲ್ಲ, ನೋಡಿ" ಅಂದೆ. ಅವರು ಎಲ್ಲ ಸರಿಯಾಗಿದೆ ಅಂದರು. ಅವರನ್ನೂ ನಂಬಲಿಲ್ಲ.

ಕೋರ್ಟಿನಿಂದ ಬಂದ ರಾತ್ರಿ ಹೆಂಡತಿ ಮೊಳೆಯಿಂದ ಕೀ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದೆಲ್ಲಿ?" ಅಂದಳು. ಹೊಸ ಗಾಡಿ ತೆಗೆದುಕೊಂಡಾಗ ಎರಡು ಕೀ ಕೊಡುತ್ತಾರಲ್ಲ, ಅದರ ಇನ್ನೊಂದು. ಅದನ್ನು ನೋಡಿ ಎಷ್ಟು ವರ್ಷ ಆಗಿತ್ತೋ, ನನಗೆ ನೆನಪೇ ಇರಲಿಲ್ಲ. ಫ್ರಿಡ್ಜ್ ಮೇಲಿನ ಬುಟ್ಟಿ ಹುಡುಕಿದೆವು, ದೇವರ ಮನೆಯ ಡ್ರಾಯರ್ ಹುಡುಕಿದೆವು. ಮಗ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಒಳಗೆ ಹೋಗಿ ತನ್ನ ಕ್ರಿಕೆಟ್ ಕಿಟ್‌ನಿಂದ ಒಂದು ಹಳೇ ಸಾಕ್ಸ್ ತಂದು ಮೇಜಿನ ಮೇಲಿಟ್ಟ.

ಷೋರೂಮಿನವರು ಕಟ್ಟಿಕೊಟ್ಟಿದ್ದ ಪ್ಲಾಸ್ಟಿಕ್ ಚೀಟಿ ಕೂಡ ಆ ಕೀಗೆ ಹಾಗೇ ಇತ್ತು.