ಮನೆ ಕಟ್ಟಿಸಲು ಪ್ರಾಜೆಕ್ಟ್ ಮ್ಯಾನೇಜರ್ ಸೇವೆ: ಯಾರಿಗೆ ಬೇಕು, ಯಾವಾಗ ಬೇಕು?

ಒಬ್ಬರೇ ಕಂಟ್ರಾಕ್ಟರ್ ಸಾಮಾನು ಸಮೇತ ಗುತ್ತಿಗೆ ಹಿಡಿದಿದ್ದು, ನೀವೂ ದಿನಾ ಸೈಟಿಗೆ ಹೋಗುವಂತಿದ್ದರೆ, ಮಾಲೀಕರ ಪರವಾಗಿ ಕಟ್ಟಡದ ಕೆಲಸ ನೋಡಿಕೊಳ್ಳುವ ಈ ಸೇವೆ ಬೇಕಿಲ್ಲ. ಗಾರೆ, ಪ್ಲಂಬಿಂಗ್, ವೈರಿಂಗ್, ಮರಗೆಲಸ ಬೇರೆ ಬೇರೆಯವರ ಕೈಯಲ್ಲಿದ್ದರೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರದು ಹೊಂದಿಸಲು ಖಂಡಿತ ಬೇಕು. ಸ್ಲ್ಯಾಬ್ ಕಾಂಕ್ರೀಟಿಗೆ ಮುಂಚೆ ವೈರಿನ ಪೈಪು, ಫ್ಯಾನ್ ಬಾಕ್ಸ್ ಕೂರಿಸದಿದ್ದರೆ ಆಮೇಲೆ ಒಡೆಯುವುದೇ ಗತಿ. ಒಳ್ಳೆಯ ಮ್ಯಾನೇಜರ್ ಕಂಬಿಯ ಅಂತರ, ಸ್ಲ್ಯಾಬಿನ 20 ಮಿ.ಮೀ. ಕವರ್ ಬ್ಲಾಕ್ (ಕಂಬಿ ಅಚ್ಚಿಗೆ ತಾಗದಂತೆ ಕೆಳಗಿಡುವ ತುಂಡು), ಸೆಂಟ್ರಿಂಗ್ (ಕಾಂಕ್ರೀಟು ಹೊರುವ ತಾತ್ಕಾಲಿಕ ಅಚ್ಚು, ಆಧಾರ) ಎಲ್ಲ ನೋಡಿ ಸಹಿ ಹಾಕುವ ತನಕ ಕಾಂಕ್ರೀಟು ಸುರಿಯಲು ಬಿಡುವುದಿಲ್ಲ. ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಾದರೆ ಕನಿಷ್ಠ 10 ದಿನ, ಕ್ಯೂರಿಂಗ್ (ಕಾಂಕ್ರೀಟನ್ನು ಒದ್ದೆಯಾಗಿಡುವುದು) ಮಾಡಿಸುತ್ತಾರೆ. ಬಿಲ್ಲನ್ನು ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಜೊತೆ ತಾಳೆ ನೋಡಿಯೇ ಪಾಸು ಮಾಡುತ್ತಾರೆ. ಕೊಟ್ಟ ಶುಲ್ಕ ಸಾರ್ಥಕವಾಗುವುದು ಇಲ್ಲಿಯೇ. ನೇಮಕ ನಕ್ಷೆಯ ಹಂತದಲ್ಲೇ ಆಗಲಿ; ಪಾಯ ಹಾಕಿದ ಮೇಲೆ ಬಂದವರಿಗೆ ಗುತ್ತಿಗೆಯ ಷರತ್ತು ತಿದ್ದಿಸುವುದು ಕಷ್ಟ. ಕಂಟ್ರಾಕ್ಟರ್ ಹತ್ತಿರ ಕಮಿಷನ್ ತೆಗೆದುಕೊಳ್ಳುವವರನ್ನಂತೂ ಇಟ್ಟುಕೊಳ್ಳಲೇಬೇಡಿ.