ಇಪ್ಪತ್ತೈದು ಇದ್ದಿಲು ಕಡ್ಡಿ, ಹತ್ತು ತಿಂಗಳು, ಒಂದೇ ಮುಖ

ಡಬ್ಬ ಬಂದ ದಿನ ಅಮ್ಮ ಮುಚ್ಚಳ ತೆಗೆದು ನೋಡಿ, "ಅಲ್ಲಾ ಮಾರಾಯ, ಬಚ್ಚಲೊಲೆ ತುಂಬ ಇದ್ದಿಲಿದೆ. ಇದನ್ನೂ ದುಡ್ಡು ಕೊಟ್ಟು ತರಿಸ್ತಾರಾ?" ಅಂದಿದ್ದಳು. ಆಗ ನಕ್ಕಿದ್ದೆ. ಈಗ ಅಷ್ಟು ಜೋರಾಗಿ ನಗೋಕೆ ಆಗ್ತಿಲ್ಲ.

ಆನ್‌ಲೈನ್‌ನಲ್ಲಿ ತರಿಸಿದ ವಿಲೋ ಚಾರ್ಕೋಲ್, ಅಂದರೆ ವಿಲೋ ಮರದ ಕಡ್ಡಿ ಸುಟ್ಟು ಮಾಡಿದ, ಚಿತ್ರ ಬಿಡಿಸೋ ಇದ್ದಿಲು. 25 ಕಡ್ಡಿಗೆ 380 ರೂಪಾಯಿ. ಉದ್ದ, ದಪ್ಪ ಎಲ್ಲ ಜಾಹೀರಾತಲ್ಲೇ ಇದೆ, ಬಿಡಿ. ನಾನು ಕೊಂಡದ್ದು ಒಂದೇ ಕೆಲಸಕ್ಕೆ: ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಇಪ್ಪತ್ತು ನಿಮಿಷ ಕನ್ನಡಿ ಮುಂದೆ ಕೂತು ನನ್ನದೇ ಮುಖ ಬಿಡಿಸೋದು. ಮಾಡೆಲ್ ಪುಕ್ಕಟೆ, ಎಷ್ಟು ಹೊತ್ತು ಕೂರಿಸಿದರೂ ಗೊಣಗಲ್ಲ.

ಮೊದಲು ಒಂದು ವರ್ಷ ಪೆನ್ಸಿಲ್ಲಲ್ಲೇ ಒದ್ದಾಡಿದೆ. ಮೂಗು ತಪ್ಪಿದರೆ ಉಜ್ಜಿ ಉಜ್ಜಿ ಕಾಗದ ನಾರಾಗೋದು. ಮೆತ್ತನೆ ಕಪ್ಪು ಪೆನ್ಸಿಲ್ 6ಬಿ ಒತ್ತಿದರೆ ಬೆಳಕಿಗೆ ಮಿರಮಿರ ಹೊಳೆಯೋದು. ಜರ್ಮನಿಯ ಚಿತ್ರಕಾರ ಡ್ಯೂರರ್ 1484ರಲ್ಲಿ, ಹದಿಮೂರರ ಹುಡುಗ, ಬೆಳ್ಳಿ ತಂತಿಯ ಮೊನೆಯಲ್ಲಿ ತನ್ನ ಮುಖ ಬಿಡಿಸಿದ. ಆ ಗೆರೆ ಸುಲಭಕ್ಕೆ ಅಳಿಸೋಕೆ ಬರಲ್ಲ. ನನಗೆ ನಲವತ್ತೊಂದು, ಅಳಿಸದೆ ಆಗಲ್ಲ.

ಇದ್ದಿಲಿನ ಸುಖ ಅಲ್ಲೇ ಇರೋದು. ಹಾಳೆಗೆ ಕ್ಲಿಪ್ ಹಾಕಿ, ಕಡ್ಡಿಯನ್ನು ಅಡ್ಡ ಮಲಗಿಸಿ ಪೂರ್ತಿ ಬಳಿಯುತ್ತೇನೆ. ಹಳೇ ಬನಿಯನ್ ತುಂಡಿನಲ್ಲಿ ಸವರಿದರೆ ಆಷಾಢದ ಆಕಾಶದ ಹಾಗೆ ಒಂದೇ ಸಮ ಬೂದು. ಆಮೇಲೆ ಸುಮಾರು ಹೊತ್ತು ಕಡ್ಡಿ ಮುಟ್ಟೋದೇ ಇಲ್ಲ. ಹಿಟ್ಟಿನ ಹಾಗೆ ಮೆದುವಾದ ನೀಡಬಲ್ ರಬ್ಬರನ್ನು ಬೆರಳಲ್ಲಿ ಮಿದ್ದು, ಮೊನೆ ಮಾಡಿ, ಬೆಳಕು ಬಿದ್ದಲ್ಲಿ ಮಾತ್ರ ಒತ್ತಿ ಎತ್ತೋದು: ಹಣೆ, ಮೂಗಿನ ದಿಂಡು, ಕೆಳತುಟಿ, ಕಿಟಕಿ ಕಡೆಯ ಕೆನ್ನೆ. ಕಣ್ಣು ಬಿಡಿಸೋ ಮುಂಚೆಯೇ ಯಾರೋ ಬಂದು ಕೂತಿರುತ್ತಾರೆ. ಮುಗಿದ ಮೇಲೆ ಬನಿಯನ್ ಬಟ್ಟೆಯಲ್ಲಿ ಹಾಳೆ ಝಾಡಿಸಿದರೆ ಮಸುಕು ನೆರಳೊಂದು ಉಳಿಯುತ್ತೆ, ಮಾರನೇ ದಿನ ಅದರ ಮೇಲೇ ಮತ್ತೆ. ಒಂದು ಹಾಳೆ ವಾರ ಬಾಳುತ್ತೆ. ಜೋಹಾನ್ಸ್‌ಬರ್ಗ್‌ನ ಕಲಾವಿದ ವಿಲಿಯಂ ಕೆಂಟ್ರಿಜ್ ಹೀಗೇ ಇದ್ದಿಲಲ್ಲಿ ಬರೆದು, ಅಳಿಸಿ, ಪ್ರತಿ ಬದಲಾವಣೆಯನ್ನೂ ಕ್ಯಾಮೆರಾದಲ್ಲಿ ಹಿಡಿದು ಅನಿಮೇಷನ್ ಮಾಡ್ತಾರೆ. ನಾನು ಕಾಗದದ ದುಡ್ಡು ಉಳಿಸ್ತೇನೆ.

ಅಳತೆ ತಪ್ಪುವವರು ಇದೊಂದು ಮಾಡಿ ನೋಡಿ. ಒಂದು ಕಣ್ಣು ಮುಚ್ಚಿ, ಕನ್ನಡಿ ಮೇಲೆ ಕಾಣುವ ತಲೆಯ ಅಂಚನ್ನು ಸೋಪಿನ ಚೂರಲ್ಲಿ ಗೀಚಿ. ನೆತ್ತಿಯಿಂದ ಗದ್ದಕ್ಕೆ ನನ್ನದು 22 ಸೆಂ.ಮೀ., ಸೋಪಿನ ಗೆರೆ 11. ಹಿಂದೆ ಸರಿದು ಗೀಚಿದರೂ ಅಷ್ಟೇ, ಹತ್ತಿರ ಬಂದರೂ ಅಷ್ಟೇ. ನಾವು ಎಷ್ಟು ಮುಂದಿದ್ದೇವೋ ಬಿಂಬ ಅಷ್ಟೇ ಹಿಂದಿರುತ್ತೆ, ಗಾಜು ನಟ್ಟನಡುವೆ. ಕಣ್ಣಿನ ಗೆರೆ ಹೆಚ್ಚುಕಮ್ಮಿ ಐದೂವರೆಗೆ, ಅಂದರೆ ತಲೆಯ ಅರ್ಧಕ್ಕೆ ಬಂತು. ವರ್ಷಪೂರ್ತಿ ನಾನು ಕಣ್ಣನ್ನು ಹಣೆಗೆ ಹತ್ತಿಸಿ ಕೂರಿಸಿದ್ದೆ!

ಈಗ ಜಗಳ. ಐದು ಕಡ್ಡಿಗೆ ಒಂದರಲ್ಲಿ ಮರಳಿನಂಥ ಗಟ್ಟಿ ಕಾಳು. ಕರ್ರ್ ಅಂತ ಸದ್ದು ಬಂದರೆ ಮುಗೀತು, ಕಾಗದಕ್ಕೆ ಗೀರು ಬಿದ್ದಿರುತ್ತೆ. ಗೀರಿನೊಳಗೆ ಇದ್ದಿಲು ಇಳಿಯಲ್ಲ, ಎಷ್ಟು ಬಳಿದರೂ ಬಿಳಿ ಗೆರೆ ಎದ್ದು ಕಾಣುತ್ತೆ. ಹಾಳೆ ಬಿಸಾಕೋಕೆ ಮನಸ್ಸಾಗದೆ ಒಂದಿಡೀ ವಾರ ಎಡಗೆನ್ನೆಯ ಗಾಯ ಹೊತ್ತುಕೊಂಡೇ ಇದ್ದೆ. ಮಾರಿದವರಿಗೆ ಬರೆದರೆ, ನೈಸರ್ಗಿಕ ವಸ್ತು, ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತೆ ಅಂತ ಉತ್ತರ. (ಜುಲೈ ಮಳೆಯಲ್ಲಿ ಕಾಗದ ತಂಪು ಹಿಡಿದು ಒರೆಸಿದ್ದು ಹೋಗದೇ ಇದ್ದದ್ದಕ್ಕೆ ಅವರನ್ನು ಬೈಯಲ್ಲ. ಅದು ನಮ್ಮೂರು ಸಾಗರದ ತಪ್ಪು.)

ಆ ಸಿಟ್ಟಿಗೇ ಬೇಲಿಯ ದಾಸವಾಳದ ಕಡ್ಡಿ ಮುರಿದು, ಸಿಪ್ಪೆ ಸುಲಿದು, ಹಳೇ ತಗಡಿನ ಡಬ್ಬಕ್ಕೆ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು ಬಚ್ಚಲೊಲೆಯ ಕೆಂಡಕ್ಕಿಟ್ಟೆ. ತೂತಿನ ಹೊಗೆ ನಿಂತ ಮೇಲೆ ಹೊರಗೆ ತೆಗೆಯಬೇಕು, ಆದರೆ ಪೂರ್ತಿ ಆರುವ ತನಕ ಮುಚ್ಚಳ ಮುಟ್ಟಬಾರದು. ನಾನು ತಡೀಲಾರದೆ ಮುಟ್ಟಿದೆ. ಗಾಳಿ ತಾಗಿ ಕಡ್ಡಿ ಮತ್ತೆ ಹೊತ್ತಿ ಬೂದಿ. ಎರಡನೇ ಸಲ ಒಂಬತ್ತರಲ್ಲಿ ಆರು ಸಿಕ್ಕವು. ಗೀರಲ್ಲ, ಕರ್ರ್ ಅನ್ನಲ್ಲ. ಆದರೆ ಮೆತ್ತಗೆ, ಮೊನೆ ನಿಲ್ಲಲ್ಲ.

ಹಾಗಾಗಿ ಕೊಂಡ ಕಡ್ಡಿಗೆ ಐದಕ್ಕೆ ಮೂರು ಅಂಕ. ರೆಪ್ಪೆಗೆ, ತುಟಿಯ ಅಂಚಿಗೆ ಅದೇ ಬೇಕು. ಮಾರುವವರು ಕಡಿಮೆ ಕಡ್ಡಿಯ ಚಿಕ್ಕ ಡಬ್ಬ ಮಾಡಿದರೆ ಮತ್ತೆ ತರಿಸ್ತೇನೆ. ಕೂದಲು, ಹಿನ್ನೆಲೆಗೆ ದಾಸವಾಳವೇ. ಈಗೀಗ ಅಮ್ಮ ಒಲೆಗೆ ಕಟ್ಟಿಗೆ ಒಟ್ಟುವ ಮುಂಚೆ, "ನಿನ್ನ ಡಬ್ಬ ಉಂಟನೋ ಇವತ್ತು?" ಅಂತ ಕೂಗಿ ಕೇಳ್ತಾಳೆ.